ಕಾಂತಕ್ಷೇತ್ರ ಏರಿದಾಗ ಅತಿವಾಹಕತೆ ಬಲಗೊಳ್ಳುವುದು ಹೇಗೆ? ನ್ಯಾನೋತಂತಿಗಳಲ್ಲಿನ ಕಾಂತೀಯ ಕಲ್ಮಶಗಳ ಕುರಿತು

ಓದುಗರ ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕಾಂತಕ್ಷೇತ್ರವು ಅತಿವಾಹಕತೆಯನ್ನು (ರೋಧವಿಲ್ಲದೆ ವಿದ್ಯುತ್ ಹರಿಯುವ ಗುಣವನ್ನು) ಕೆಡಿಸುತ್ತದೆ, ಕಾಂತೀಯ ಕಲ್ಮಶಗಳೂ ಕೆಡಿಸುತ್ತವೆ ಎಂದು ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಸುಮಾರು ಹತ್ತು ನ್ಯಾನೋಮೀಟರ್ ದಪ್ಪದ ತಂತಿಗಳಲ್ಲಿ ಇವೆರಡೂ ಒಟ್ಟಿಗೆ ಇದ್ದಾಗ ಅತಿವಾಹಕತೆ ಬಲಗೊಳ್ಳುತ್ತದೆ ಎಂದು ಓದಿದೆ. ಎರಡು ಕೆಡುಕು ಸೇರಿ ಒಂದು ಒಳಿತಾಗುವುದು ಹೇಗೆ? ಯಾರೂ ಬೆರೆಸದಿದ್ದರೂ ಆ ಕಲ್ಮಶಗಳು ತಂತಿಗೆ ಎಲ್ಲಿಂದ ಬರುತ್ತವೆ?

ಉತ್ತರ: ಎರಡು ಕೆಡುಕು ಸೇರಿ ಒಳಿತಾಯಿತು ಎನ್ನುವುದಕ್ಕಿಂತ, ಒಂದು ಕೆಡುಕು ಇನ್ನೊಂದರ ಕೈ ಕಟ್ಟಿತು ಎನ್ನುವುದು ಸರಿ. ಕಾಂತೀಯ ಕಲ್ಮಶವೊಂದು ಅತಿವಾಹಕತೆಗೆ ಮಾಡುವ ಹಾನಿಯಲ್ಲಿ ಒಂದು ಮುಖ್ಯ ಪಾಲು ಅದರ ಸ್ಪಿನ್ (ಸಣ್ಣ ಅಯಸ್ಕಾಂತದಂತೆ ದಿಕ್ಕುಳ್ಳ ಕ್ವಾಂಟಮ್ ಗುಣ) ಅತ್ತಿತ್ತ ಮಗುಚಿಕೊಳ್ಳಲು ಸ್ವತಂತ್ರವಾಗಿರುವುದರಿಂದ ಬರುತ್ತದೆ. ಹೊರಗಿನಿಂದ ಕೊಟ್ಟ ಕಾಂತಕ್ಷೇತ್ರವು ಆ ಸ್ಪಿನ್ನನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸಿದಾಗ ಆ ಪಾಲು ಇಲ್ಲವಾಗುತ್ತದೆ. ಕಾಂತಕ್ಷೇತ್ರ ತಾನಾಗಿ ಮಾಡುವ ಹಾನಿಯು ಇದಕ್ಕಿಂತ ಕಡಿಮೆಯಿದ್ದರೆ ಲೆಕ್ಕದ ಕೊನೆಯಲ್ಲಿ ಲಾಭ ಉಳಿಯುತ್ತದೆ, ಮತ್ತು ಹಾಗೆ ಉಳಿಯಲು ತಂತಿ ಬಹಳ ತೆಳುವಾಗಿರಬೇಕು. ಕಲ್ಮಶಗಳು ಎಲ್ಲಿಂದ ಬಂದವು ಎಂಬ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವೂ ಆ ತೆಳುತನದಲ್ಲೇ ಇದೆ. ಇದನ್ನು ನಂಬುವಂತೆ ಹೇಳಬೇಕಾದರೆ ಕಲ್ಮಶವು ಕೂಪರ್ ಜೋಡಿಗೆ, ಅಂದರೆ ಅತಿವಾಹಕದಲ್ಲಿ ಜೊತೆಗೂಡಿದ ಎರಡು ಎಲೆಕ್ಟ್ರಾನುಗಳಿಗೆ, ನಿಜವಾಗಿ ಏನು ಮಾಡುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ 1957ರಲ್ಲಿ ಕೊಟ್ಟ ಸಿದ್ಧಾಂತದ ಪ್ರಕಾರ ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಜೋಡಿಯ ಎರಡು ಎಲೆಕ್ಟ್ರಾನುಗಳ ಸಂವೇಗಗಳು ಪರಸ್ಪರ ವಿರುದ್ಧವಾಗಿರುತ್ತವೆ, ಸ್ಪಿನ್‌ಗಳೂ ವಿರುದ್ಧವಾಗಿರುತ್ತವೆ. ಒಂದು ಎಲೆಕ್ಟ್ರಾನಿನ ಚಲನೆಯನ್ನು ಚಿತ್ರೀಕರಿಸಿ ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಇನ್ನೊಂದರ ಚಲನೆ ಸಿಗುತ್ತದೆ ಎಂದುಕೊಳ್ಳಿ. ಈಗ ದಾರಿಯಲ್ಲಿ ಒಂದು ಸಾಮಾನ್ಯ ಕಲ್ಮಶ, ಉದಾಹರಣೆಗೆ ಕಾಂತೀಯವಲ್ಲದ ಒಂದು ಅನ್ಯ ಪರಮಾಣು, ಅಡ್ಡ ಬಂದಿತು. ಚಿತ್ರವನ್ನು ಮುಂದಕ್ಕೆ ಓಡಿಸಿದರೂ ಹಿಂದಕ್ಕೆ ಓಡಿಸಿದರೂ ಆ ಅಡ್ಡಿ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಎರಡೂ ಎಲೆಕ್ಟ್ರಾನುಗಳು ಚದರಿದರೂ ಚದರಿದ ಮೇಲಿನ ಸ್ಥಿತಿಗಳು ಮತ್ತೆ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ, ಜೋಡಿ ಉಳಿಯುತ್ತದೆ. ಫಿಲಿಪ್ ಆಂಡರ್ಸನ್ 1959ರಲ್ಲಿ ತೋರಿಸಿದ್ದು ಇದನ್ನೇ, ಮತ್ತು ಅಷ್ಟೊಂದು ಕೊಳಕಾದ ಮಿಶ್ರಲೋಹಗಳೂ ಅತಿವಾಹಕಗಳಾಗಿ ಚೆನ್ನಾಗಿ ಕೆಲಸ ಮಾಡುವುದಕ್ಕೆ ಕಾರಣ ಇದೇ. ನೊಗಕ್ಕೆ ಕಟ್ಟಿದ ಜೋಡೆತ್ತುಗಳು ಕಲ್ಲುಬಿದ್ದ ಹೊಲದಲ್ಲಿ ಎಡವಿದರೂ ಜೊತೆಯಾಗಿ ಎಡವುತ್ತವೆ, ನೊಗ ಮುರಿಯುವುದಿಲ್ಲ. ಕಾಂತೀಯ ಕಲ್ಮಶವು ಒಂದು ಎತ್ತನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಎಳೆಯುವ ಕೈಯಂತೆ. ಅದರ ಸ್ಪಿನ್ ಜೋಡಿಯ ಒಂದು ಎಲೆಕ್ಟ್ರಾನಿಗೆ ಆಕರ್ಷಕವಾಗಿ ಕಂಡರೆ, ವಿರುದ್ಧ ಸ್ಪಿನ್‌ನ ಜೊತೆಗಾರನಿಗೆ ವಿಕರ್ಷಕವಾಗಿ ಕಾಣುತ್ತದೆ. ಅಷ್ಟೇ ಅಲ್ಲದೆ ಡಿಕ್ಕಿಯಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮಗುಚಿ, ಬದಲಿಗೆ ಕಲ್ಮಶದ ಸ್ಪಿನ್ ಆಚೆ ಮಗುಚಿಕೊಳ್ಳಬಹುದು. ಆ ಮೇಲೆ ಜೋಡಿಯ ಲೆಕ್ಕ ತಪ್ಪುತ್ತದೆ. ಎತ್ತಿನ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು, ಏಕೆಂದರೆ ನಿಜವಾದ ಜೋಡಿಯ ಎರಡು ಎಲೆಕ್ಟ್ರಾನುಗಳು ಅಕ್ಕಪಕ್ಕ ಇರುವುದಿಲ್ಲ. ಅವುಗಳ ನಡುವಿನ ಹರವಿನಲ್ಲಿ ಲಕ್ಷಾಂತರ ಬೇರೆ ಜೋಡಿಗಳು ಹಾಸುಹೊಕ್ಕಾಗಿರುತ್ತವೆ. ಈ ಹರವಿನ ಅಳತೆ ಮುಂದೆ ನಮಗೆ ಬೇಕಾಗುತ್ತದೆ.

ಹಾನಿಗೆ ಕಾರಣ ಸ್ಪಿನ್ನೇ ಎಂಬುದು 1958ರಲ್ಲಿ ಮಥಾಯಸ್, ಸೂಲ್ ಮತ್ತು ಕೊರೆನ್ಸ್‌ವಿಟ್ ಮಾಡಿದ ಪ್ರಯೋಗದಿಂದ ಸ್ಪಷ್ಟವಾಯಿತು. ಅವರು ಲ್ಯಾಂಥನಮ್ ಲೋಹಕ್ಕೆ ಶೇ. 1ರಷ್ಟು ವಿರಳ ಭಸ್ಮ ಧಾತುಗಳನ್ನು ಒಂದೊಂದಾಗಿ ಬೆರೆಸಿ ಕ್ರಾಂತಿಕ ತಾಪ (ಯಾವ ತಾಪಕ್ಕಿಂತ ಕೆಳಗೆ ಲೋಹ ಅತಿವಾಹಕವಾಗುತ್ತದೋ ಅದು) ಎಷ್ಟು ಇಳಿಯುತ್ತದೆ ಎಂದು ಅಳೆದರು. ಅಯಾನಿನ ಒಟ್ಟು ಕಾಂತೀಯ ಮಹತ್ವವೇ (ಮ್ಯಾಗ್ನೆಟಿಕ್ ಮೊಮೆಂಟ್, ಅಂದರೆ ಅಯಸ್ಕಾಂತವಾಗಿ ಅದರ ಬಲ) ಕಾರಣವಾಗಿದ್ದರೆ ಡಿಸ್ಪ್ರೋಸಿಯಂ ಮತ್ತು ಹೋಲ್ಮಿಯಂ ಅತಿ ಹೆಚ್ಚು ಕೆಡಿಸಬೇಕಿತ್ತು, ಏಕೆಂದರೆ ಅವುಗಳ ಮಹತ್ವ ಸುಮಾರು 10.6 ಬೋರ್ ಮ್ಯಾಗ್ನೆಟಾನ್. ಗಡೋಲಿನಿಯಂನದು ಸುಮಾರು 7.9 ಮಾತ್ರ. ಆದರೆ ಅತಿ ಹೆಚ್ಚು ಕೆಡಿಸಿದ್ದು ಗಡೋಲಿನಿಯಂ. ಅದರ ಏಳು ಎಲೆಕ್ಟ್ರಾನುಗಳ ಸ್ಪಿನ್‌ಗಳೂ ಒಂದೇ ದಿಕ್ಕಿನಲ್ಲಿದ್ದು, ಒಟ್ಟು ಸ್ಪಿನ್ ಏಳರ ಅರ್ಧ ಆಗುತ್ತದೆ. ವಿರಳ ಭಸ್ಮಗಳ ಸಾಲಿನಲ್ಲಿ ಅದೇ ಗರಿಷ್ಠ. ಕೆಡುಕು ಸಣ್ಣ ಅಯಸ್ಕಾಂತದಂಥ ಕ್ಷೇತ್ರದಿಂದ ಬರುವುದಾಗಿರಲಿಲ್ಲ; ಎಲೆಕ್ಟ್ರಾನು ಮತ್ತು ಕಲ್ಮಶದ ನಡುವಿನ ಸ್ಪಿನ್ ವಿನಿಮಯದಿಂದ ಬರುತ್ತಿತ್ತು. ಈ ಒಂದು ಹೋಲಿಕೆಯನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ, ಏಕೆಂದರೆ ಒಂದೇ ಕೋಷ್ಟಕದ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಎರಡು ಊಹೆಗಳ ನಡುವೆ ತೀರ್ಮಾನ ಮಾಡಬಹುದಾದ ಪ್ರಯೋಗಗಳು ಬಹಳ ಇಲ್ಲ.

ಇದಾದ ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟದ ಅಬ್ರಿಕೊಸೊವ್ ಮತ್ತು ಗೊರ್ಕೊವ್ ಇದಕ್ಕೆ ಪೂರ್ಣ ಸಿದ್ಧಾಂತ ಕೊಟ್ಟರು. ಕಲ್ಮಶಗಳು ಜೋಡಿಯನ್ನು ಎಷ್ಟು ಬೇಗ ಮುರಿಯುತ್ತವೆ ಎಂಬುದನ್ನು ಒಂದು ದರವಾಗಿ, ಆ ದರವನ್ನು ಶಕ್ತಿಯ ಅಳತೆಯಾಗಿ ಬರೆದರೆ, ಅದು ಶುದ್ಧ ಲೋಹದ ಶಕ್ತಿ ಅಂತರದ (ಎಲೆಕ್ಟ್ರಾನುಗಳಿಗೆ ಪ್ರವೇಶವಿಲ್ಲದ ಶಕ್ತಿಯ ವಲಯದ) ಅರ್ಧವನ್ನು ಮುಟ್ಟಿದಾಗ ಅತಿವಾಹಕತೆ ಪೂರ್ಣವಾಗಿ ಅಳಿಯುತ್ತದೆ. ಅದಕ್ಕೂ ಮೊದಲು, ಅಳಿಸಲು ಬೇಕಾದ ಕಲ್ಮಶದ ಸುಮಾರು ಶೇ. 91ರಷ್ಟು ಸೇರಿದಾಗ, ಶಕ್ತಿ ಅಂತರ ಮುಚ್ಚಿಹೋಗುತ್ತದೆ; ಆದರೆ ರೋಧ ಇನ್ನೂ ಸೊನ್ನೆಯಾಗಿಯೇ ಇರುತ್ತದೆ. ಅಂತರವಿಲ್ಲದ ಅತಿವಾಹಕತೆ ಎಂಬ ಈ ವಿಚಿತ್ರ ಸ್ಥಿತಿಯನ್ನು ರೀಫ್ ಮತ್ತು ವುಲ್ಫ್ 1962ರಲ್ಲಿ ಗಡೋಲಿನಿಯಂ ಬೆರೆಸಿದ ಸೀಸದ ಮತ್ತು ಕಬ್ಬಿಣ ಬೆರೆಸಿದ ಇಂಡಿಯಂನ ಪದರಗಳಲ್ಲಿ ಸುರಂಗ ಪ್ರವಾಹ ಅಳೆದು ಕಂಡರು. ನಮ್ಮ ಪ್ರಶ್ನೆಗೆ ಈ ಸಿದ್ಧಾಂತದ ಅತಿ ಮುಖ್ಯ ಕೊಡುಗೆ ಬೇರೆಯೇ ಇದೆ. ಕಲ್ಮಶ, ತೆಳು ಪದರದ ಮೇಲಿನ ಕಾಂತಕ್ಷೇತ್ರ, ಕ್ಷೇತ್ರವು ಎಲೆಕ್ಟ್ರಾನ್ ಸ್ಪಿನ್‌ಗಳನ್ನು ನೇರವಾಗಿ ಎಳೆಯುವ ಪರಿಣಾಮ, ಹೀಗೆ ಮೂಲ ಬೇರೆಬೇರೆಯಾದರೂ ಜೋಡಿ ಮುರಿಯುವ ದರಗಳನ್ನು ಒಂದೇ ಅಳತೆಗೆ ತಂದು ಕೂಡಿಸಬಹುದು, ಕೂಡಿಸಿದ ಮೊತ್ತವನ್ನು ಒಂದೇ ಸೂತ್ರಕ್ಕೆ ಹಾಕಬಹುದು ಎಂದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಹಾಗಾದರೆ ಆ ಮೊತ್ತದ ಒಂದು ಪದ ಕಾಂತಕ್ಷೇತ್ರ ಏರಿದಂತೆ ಇಳಿಯುವುದಾದರೆ ಏನಾಗುತ್ತದೆ? ಇದಕ್ಕೆ ಮರಳಿ ಬರುತ್ತೇನೆ.

ಅದಕ್ಕೂ ಮೊದಲು ಒಂದೇ ಒಂದು ಕಲ್ಮಶವನ್ನು ಹತ್ತಿರದಿಂದ ನೋಡೋಣ. 1960ರ ದಶಕದ ಉತ್ತರಾರ್ಧದಲ್ಲಿ ಯೂ, ಶಿಬಾ ಮತ್ತು ರುಸಿನೊವ್ ಬೇರೆಬೇರೆಯಾಗಿ ಲೆಕ್ಕ ಹಾಕಿ, ಒಂಟಿ ಕಾಂತೀಯ ಪರಮಾಣುವಿನ ಸುತ್ತ ಶಕ್ತಿ ಅಂತರದ ಒಳಗೇ ಒಂದು ಬಂಧಿತ ಸ್ಥಿತಿ ಹುಟ್ಟುತ್ತದೆ ಎಂದು ತೋರಿಸಿದ್ದರು. ಎಲೆಕ್ಟ್ರಾನುಗಳಿಗೆ ಪ್ರವೇಶವೇ ಇಲ್ಲದ ಶಕ್ತಿಯ ವಲಯದಲ್ಲಿ ಒಂದು ಗೂಡು ಸಿಕ್ಕಿದಂತೆ. 1997ರಲ್ಲಿ ಯಜ್ದಾನಿ ಮತ್ತು ಸಂಗಡಿಗರು ನಯೋಬಿಯಂನ ಮೇಲ್ಮೈಯಲ್ಲಿ ಮ್ಯಾಂಗನೀಸ್, ಗಡೋಲಿನಿಯಂ ಪರಮಾಣುಗಳನ್ನು ಇರಿಸಿ, ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಮೊನೆಯನ್ನು ಪರಮಾಣುವಿನ ಮೇಲೆ ನಿಲ್ಲಿಸಿದಾಗ ಈ ಸ್ಥಿತಿಗಳು ಕಂಡವು. ಮೊನೆಯನ್ನು ಪರಮಾಣುವಿನಿಂದ ಸುಮಾರು ಒಂದು ನ್ಯಾನೋಮೀಟರಿನಷ್ಟು ಪಕ್ಕಕ್ಕೆ ಸರಿಸಿದರೆ ಅವು ಮಾಯವಾದವು. ಬೆಳ್ಳಿಯ ಪರಮಾಣುವಿನ ಮೇಲೆ ನಿಲ್ಲಿಸಿದಾಗ ಅಂಥದೇನೂ ಕಾಣಲಿಲ್ಲ. ಆಂಡರ್ಸನ್ ಹೇಳಿದ್ದನ್ನು ಒಂದೇ ಪರಮಾಣುವಿನಲ್ಲಿ ಕಂಡಂತಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಂತೀಯ ಕಲ್ಮಶ ಎಂದಾಕ್ಷಣ ಕಬ್ಬಿಣ, ಮ್ಯಾಂಗನೀಸ್ ಎಂದು ಪಟ್ಟಿ ಮಾಡಿಬಿಡುವ ರೂಢಿ ಇದೆ. ಆದರೆ ಪರಮಾಣು ಕಾಂತೀಯವೋ ಅಲ್ಲವೋ ಎಂಬುದನ್ನು ಅದು ಸೇರಿರುವ ಲೋಹವೂ ನಿರ್ಧರಿಸುತ್ತದೆ. 1962ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಮಾಲಿಬ್ಡಿನಂನಲ್ಲಿ ಕರಗಿದ ಕಬ್ಬಿಣದ ಪರಮಾಣು ತನ್ನ ಕಾಂತೀಯತೆಯನ್ನು ಉಳಿಸಿಕೊಳ್ಳುತ್ತದೆ; ಪಕ್ಕದ ಮನೆಯಂತಿರುವ ನಯೋಬಿಯಂನಲ್ಲಿ ಅದೇ ಕಬ್ಬಿಣ ಕಾಂತೀಯತೆಯನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ತೊಡಕು ಕೊಂಡೊ ಪರಿಣಾಮದ್ದು. ಜುನ್ ಕೊಂಡೊ 1964ರಲ್ಲಿ ವಿವರಿಸಿದ ಆ ಪರಿಣಾಮದಲ್ಲಿ ಲೋಹದ ಎಲೆಕ್ಟ್ರಾನುಗಳು ಕಲ್ಮಶದ ಸ್ಪಿನ್ನನ್ನು ಸುತ್ತುವರಿದು, ಒಂದು ನಿರ್ದಿಷ್ಟ ತಾಪಕ್ಕಿಂತ ಕೆಳಗೆ ಅದನ್ನು ಮರೆಮಾಡಿಬಿಡುತ್ತವೆ. ಆ ಕೊಂಡೊ ತಾಪವು ಅತಿವಾಹಕದ ಕ್ರಾಂತಿಕ ತಾಪಕ್ಕಿಂತ ಬಹಳ ಹೆಚ್ಚಾಗಿದ್ದರೆ ಕಲ್ಮಶ ಬಹುಮಟ್ಟಿಗೆ ನಿರುಪದ್ರವಿ, ಬಹಳ ಕಡಿಮೆಯಾಗಿದ್ದರೆ ಅದು ಸ್ವತಂತ್ರ ಸ್ಪಿನ್. ಎರಡೂ ಹತ್ತಿರ ಹತ್ತಿರ ಇದ್ದಾಗ ಹಾನಿ ಅತಿ ಹೆಚ್ಚು. ಲ್ಯಾಂಥನಮ್ ಮತ್ತು ಅಲ್ಯೂಮಿನಿಯಂನ ಸಂಯುಕ್ತವೊಂದಕ್ಕೆ ಸ್ವಲ್ಪ ಸೀರಿಯಂ ಸೇರಿಸಿದಾಗ, ತಂಪು ಮಾಡುತ್ತಾ ಹೋದಂತೆ ಮೊದಲು ಅತಿವಾಹಕವಾಗಿ, ಇನ್ನೂ ತಂಪು ಮಾಡಿದಾಗ ಮತ್ತೆ ಸಾಮಾನ್ಯ ಲೋಹವಾಗುವುದನ್ನು 1970ರ ದಶಕದ ಆರಂಭದಲ್ಲಿ ಕಂಡದ್ದು ಇದೇ ಕಾರಣದಿಂದ. ಸ್ಪಿನ್ನಿನ ಸ್ವಾತಂತ್ರ್ಯವೇ ಹಾನಿಯನ್ನು ನಿರ್ಧರಿಸುತ್ತದೆ ಎಂದು ನಾನು ಆರಂಭದಲ್ಲೇ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಈಗ ತಂತಿಗೆ ಬರೋಣ. ಕೂಪರ್ ಜೋಡಿಯ ಹರವು ಎಂದೆನಲ್ಲ, ತಂತಿಯ ದಪ್ಪ ಅದಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕಡಿಮೆಯಾದಾಗ ಅತಿವಾಹಕತೆಯ ದೃಷ್ಟಿಯಲ್ಲಿ ಆ ತಂತಿ ಉದ್ದ ಮಾತ್ರ ಇರುವ ಏಕ ಆಯಾಮದ ವಸ್ತುವಿನಂತೆ ವರ್ತಿಸುತ್ತದೆ. ಮಾಲಿಬ್ಡಿನಂ ಮತ್ತು ಜರ್ಮೇನಿಯಂನ ಅಸ್ಫಟಿಕ ಮಿಶ್ರಣದಲ್ಲಿ ಈ ಹರವು ಕೆಲವೇ ನ್ಯಾನೋಮೀಟರ್. ಅಂಥ ತಂತಿಯನ್ನು ಮಾಡುವ ಒಂದು ಸೊಗಸಾದ ವಿಧಾನವನ್ನು 2000ದಲ್ಲಿ ಹಾರ್ವರ್ಡ್‌ನ ಬೆಜ್ರ್ಯಾಡಿನ್, ಲಾವ್ ಮತ್ತು ಟಿಂಕಮ್ ಪ್ರಕಟಿಸಿದರು. ಸಿಲಿಕಾನ್ ಬಿಲ್ಲೆಯ ಮೇಲೆ ಸುಮಾರು ನೂರು ನ್ಯಾನೋಮೀಟರ್ ಅಗಲದ ಕಂದಕ ಕೊರೆದು, ಅದರ ಮೇಲೆ ಇಂಗಾಲದ ನ್ಯಾನೋನಳಿಗೆಯೊಂದು ಸಂಕದಂತೆ ಅಡ್ಡ ಬೀಳುವಂತೆ ಮಾಡಿ, ಮೇಲಿನಿಂದ ಲೋಹವನ್ನು ಸಿಂಪಡಿಸುತ್ತಾರೆ. ಹೊಳೆಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ಮಂಜು ಕೂತಂತೆ ನಳಿಗೆಯ ಮೇಲೆ ಲೋಹ ಕೂರುತ್ತದೆ. ಕಂದಕದೊಳಗೆ ಬಿದ್ದ ಲೋಹ ಬೇರೆಯಾಗಿಯೇ ಉಳಿಯುತ್ತದೆ. ಕಂದಕದ ಎರಡೂ ದಡದ ಲೋಹದ ಪದರಗಳು ತಾವಾಗಿಯೇ ವಿದ್ಯುತ್ ಸಂಪರ್ಕಗಳಾಗುತ್ತವೆ.

ಇಷ್ಟು ತೆಳು ತಂತಿಯಲ್ಲಿ ಮೇಲ್ಮೈ ಎಂಬುದು ಎಷ್ಟು ದೊಡ್ಡ ಸಂಗತಿಯಾಗುತ್ತದೆ ಎಂಬುದನ್ನು ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ಒಂದು ಮಿಲಿಮೀಟರ್ ದಪ್ಪದ ತಂತಿಯಲ್ಲಿ ಹೊರಗಿನ ಒಂದೇ ಪರಮಾಣು ಪದರಕ್ಕೆ ಸೇರಿದ ಪರಮಾಣುಗಳು ಹತ್ತು ಲಕ್ಷಕ್ಕೆ ಒಂದು. ಹತ್ತು ನ್ಯಾನೋಮೀಟರ್ ತಂತಿಯಲ್ಲಿ ಅವು ಹತ್ತಕ್ಕೆ ಒಂದು. ಗಾಳಿಗೆ ತೆರೆದ ಕ್ಷಣದಿಂದ ಲೋಹದ ಮೇಲೆ ಆಕ್ಸೈಡ್ ಬೆಳೆಯುತ್ತದೆ. ನಯೋಬಿಯಂನ ಪೆಂಟಾಕ್ಸೈಡ್ ಪೂರ್ಣವಾಗಿ ರಚನೆಗೊಂಡಿದ್ದರೆ ಕಾಂತೀಯವಲ್ಲ; ಆದರೆ ಅಲ್ಲಲ್ಲಿ ಆಮ್ಲಜನಕದ ಪರಮಾಣು ತಪ್ಪಿಹೋದ ಜಾಗಗಳಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನು ಉಳಿದುಕೊಂಡು ಅದೇ ಒಂದು ಸ್ವತಂತ್ರ ಸ್ಪಿನ್ ಆಗುತ್ತದೆ. ನಯೋಬಿಯಂ, ಅಲ್ಯೂಮಿನಿಯಂ ಪದರಗಳ ಮೇಲೆ ಇಂಥ ಸ್ಪಿನ್‌ಗಳ ಸಾಂದ್ರತೆ ಸುಮಾರು ಎರಡು ಚದರ ನ್ಯಾನೋಮೀಟರಿಗೆ ಒಂದು ಎಂದು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಕಾಂತಮಾಪಕಗಳ ಗದ್ದಲವನ್ನು ಅಧ್ಯಯನ ಮಾಡಿದವರು 2008ರ ಹೊತ್ತಿಗೆ ಅಂದಾಜು ಮಾಡಿದ್ದಾರೆ. ಅದೇ ಅಂದಾಜನ್ನು ಹತ್ತು ನ್ಯಾನೋಮೀಟರ್ ದಪ್ಪದ, ನೂರು ನ್ಯಾನೋಮೀಟರ್ ಉದ್ದದ ನಯೋಬಿಯಂ ತಂತಿಗೆ ಅನ್ವಯಿಸಿದರೆ ಮೇಲ್ಮೈ ಸುಮಾರು 3,100 ಚದರ ನ್ಯಾನೋಮೀಟರ್, ಸ್ಪಿನ್‌ಗಳು ಸುಮಾರು 1,550. ತಂತಿಯಲ್ಲಿ ಒಟ್ಟು ಪರಮಾಣುಗಳು ಸುಮಾರು 4.3 ಲಕ್ಷ. ಅಂದರೆ ಯಾರೂ ಏನನ್ನೂ ಬೆರೆಸದೆ ಶೇ. 0.36ರಷ್ಟು ಕಾಂತೀಯ ಕಲ್ಮಶ ಸೇರಿದಂತಾಯಿತು. ಲ್ಯಾಂಥನಮ್ ಪ್ರಯೋಗದಲ್ಲಿ ಬೆರೆಸಿದ್ದು ಶೇ. 1 ಎಂಬುದನ್ನು ನೆನಪಿಸಿಕೊಳ್ಳಿ. ಆಕ್ಸೈಡಿನ ಹೊರಮೈಯಲ್ಲಿರುವ ಸ್ಪಿನ್‌ಗಳು ಒಳಗಿನ ಎಲೆಕ್ಟ್ರಾನುಗಳನ್ನು ಮುಟ್ಟಲಾರವು, ಲೋಹಕ್ಕೆ ಅಂಟಿಕೊಂಡಿರುವವು ಮಾತ್ರ ಹಾನಿ ಮಾಡುತ್ತವೆ. ಆದ್ದರಿಂದ ಪರಿಣಾಮಕಾರಿ ಸಂಖ್ಯೆ ಇದಕ್ಕಿಂತ ಕಡಿಮೆ. ಆದರೂ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ತಂತಿಯ ಮೈಯೇ ಕಲ್ಮಶಗಳನ್ನು ಹುಟ್ಟಿಸುತ್ತದೆ.

ಮೂಲವಸ್ತುವಿನಲ್ಲೇ ಇದ್ದ ಕಬ್ಬಿಣ, ಉಕ್ಕಿನ ಚಿಮುಟದಿಂದ ಅಂಟಿದ ಕಬ್ಬಿಣ ಕಾರಣವಾಗಿರಬಾರದೇಕೆ ಎಂದು ನೀವು ಕೇಳಬಹುದು. ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಒಂದು ಇಡೀ ಸರಣಿಯ ಮಾದರಿಗಳು ನಿರೀಕ್ಷಿತ ತಾಪಕ್ಕಿಂತ ಕೆಳಗೆ ಮಾತ್ರ ಅತಿವಾಹಕವಾದವು. ವಾರಗಟ್ಟಲೆ ಹುಡುಕಿದ ಮೇಲೆ ಪದರ ಹಚ್ಚುವ ಕೋಣೆಯಲ್ಲಿ ಹಿಂದೆ ಯಾರೋ ನಿಕಲ್ ಆವಿ ಮಾಡಿದ್ದು ತಿಳಿಯಿತು. ಅಂದಿನಿಂದ ಆ ಕೋಣೆಗೆ ಕಾಂತೀಯ ಲೋಹ ತರುವುದನ್ನೇ ನಿಲ್ಲಿಸಿದೆವು, ಚಿಮುಟಗಳೂ ಟೈಟೇನಿಯಂನವೇ ಆದವು. ಅಂಥ ತಪ್ಪುಗಳು ನಡೆಯುತ್ತವೆ. ಆದರೆ ಮುಂದೆ ಹೇಳುವ ಪರಿಣಾಮ ಮಾಲಿಬ್ಡಿನಂ-ಜರ್ಮೇನಿಯಂ ತಂತಿಯಲ್ಲೂ ನಯೋಬಿಯಂ ತಂತಿಯಲ್ಲೂ ಕಂಡಿದೆ. ಕಬ್ಬಿಣವು ನಯೋಬಿಯಂನಲ್ಲಿ ಕಾಂತೀಯವೇ ಅಲ್ಲವೆಂದ ಮೇಲೆ ಎರಡಕ್ಕೂ ಸಾಮಾನ್ಯವಾದ ಕಾರಣವನ್ನು ಮೇಲ್ಮೈಯಲ್ಲಿ ಹುಡುಕುವುದೇ ಹೆಚ್ಚು ಸಮಂಜಸ ಎಂಬುದು ನನ್ನ ಅಭಿಪ್ರಾಯ.

ಆ ಪ್ರಯೋಗ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ್ದು. ರೊಗಾಚೆವ್, ಬೆಜ್ರ್ಯಾಡಿನ್, ಗೋಲ್ಡ್‌ಬಾರ್ಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಇಂಥ ಅಳತೆ ನಡೆಯುವ ಬಗೆ ಹೀಗೆ. ತಂತಿಯನ್ನು ಒಂದು ಕೆಲ್ವಿನ್‌ಗಿಂತ ಕೆಳಗೆ ತಣಿಸಿ, ಅದರ ಮೂಲಕ ವಿದ್ಯುತ್ ಪ್ರವಾಹವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾರೆ. ವೋಲ್ಟೇಜ್ ಸೊನ್ನೆಯ ಗೆರೆಯ ಮೇಲೆಯೇ ಮಲಗಿರುತ್ತದೆ. ಪ್ರವಾಹ ನೂರಾರು ನ್ಯಾನೋಆಂಪಿಯರ್ ದಾಟಿ, ಕೆಲವು ತಂತಿಗಳಲ್ಲಿ ಮೈಕ್ರೋಆಂಪಿಯರ್ ಮುಟ್ಟಿದಾಗ, ಪರದೆಯ ಮೇಲಿನ ಚುಕ್ಕೆ ಒಂದೇ ನೆಗೆತಕ್ಕೆ ಮೇಲೇರಿ ಸಾಮಾನ್ಯ ಲೋಹದ ರೋಧದ ಗೆರೆಗೆ ಹೋಗಿ ನಿಲ್ಲುತ್ತದೆ. ಆ ನೆಗೆತದ ಪ್ರವಾಹವೇ ತಂತಿ ಹೊರಬಲ್ಲ ಗರಿಷ್ಠ, ಅಂದರೆ ಪ್ರಯೋಗದ ಮಟ್ಟಿಗೆ ಕ್ರಾಂತಿಕ ಪ್ರವಾಹ. ಮತ್ತೊಮ್ಮೆ ಅಳೆದರೆ ನೆಗೆತ ಸ್ವಲ್ಪ ಆಚೀಚೆ ಆಗುತ್ತದೆ, ಆದ್ದರಿಂದ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು. ಈಗ ಕಾಂತಕ್ಷೇತ್ರ ಕೊಟ್ಟು ಇದನ್ನೇ ಪುನರಾವರ್ತಿಸಿದಾಗ ಕ್ರಾಂತಿಕ ಪ್ರವಾಹ ಇಳಿಯಬೇಕಿತ್ತು. ಅದು ಏರಿತು. ಕ್ಷೇತ್ರ ಕೆಲವು ಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಮಾನ) ಆಗುವವರೆಗೆ ಏರುತ್ತಲೇ ಹೋಗಿ, ಶಿಖರ ಮುಟ್ಟಿ, ಆಮೇಲೆ ಇಳಿಯಿತು.

ಏರಿದ್ದು ಏಕೆ ಎಂಬುದನ್ನು ಮತ್ತೆ ಲೆಕ್ಕದಿಂದಲೇ ನೋಡೋಣ. ಅರ್ಧ ಸ್ಪಿನ್‌ನ ಕಲ್ಮಶಕ್ಕೆ ಒಂದು ಟೆಸ್ಲಾ ಕ್ಷೇತ್ರದಲ್ಲಿ ಮೇಲ್ಮುಖ ಮತ್ತು ಕೆಳಮುಖ ಸ್ಥಿತಿಗಳ ನಡುವಿನ ಶಕ್ತಿಯ ವ್ಯತ್ಯಾಸ, ತಾಪದ ಅಳತೆಯಲ್ಲಿ ಹೇಳುವುದಾದರೆ, 1.34 ಕೆಲ್ವಿನ್. ಸುತ್ತಲಿನ ತಾಪ 4.2 ಕೆಲ್ವಿನ್ ಇದ್ದರೆ ನೂರು ಸ್ಪಿನ್‌ಗಳಲ್ಲಿ ಸುಮಾರು 58 ಕ್ಷೇತ್ರದ ಕಡೆಗೂ 42 ವಿರುದ್ಧವಾಗಿಯೂ ಇರುತ್ತವೆ. ಶಿಸ್ತು ಬಂದಿತು ಎನ್ನಲಾಗದು. ತಾಪ 0.3 ಕೆಲ್ವಿನ್‌ಗೆ ಇಳಿದರೆ ನೂರರಲ್ಲಿ 99 ಒಂದೇ ಕಡೆ ನಿಲ್ಲುತ್ತವೆ. ಈಗ ಎಲೆಕ್ಟ್ರಾನು ಬಂದು ಡಿಕ್ಕಿ ಹೊಡೆದರೆ ಆ ಸ್ಪಿನ್ನನ್ನು ಮಗುಚಲು 1.34 ಕೆಲ್ವಿನ್‌ಗೆ ಸಮನಾದ ಶಕ್ತಿ ತೆರಬೇಕು, 0.3 ಕೆಲ್ವಿನ್‌ನಲ್ಲಿ ಅಷ್ಟು ಶಕ್ತಿ ಇರುವ ಎಲೆಕ್ಟ್ರಾನು ಅಪರೂಪ. ಮಗುಚುವ ಡಿಕ್ಕಿಗಳು ನಿಂತವು. ಸ್ಪಿನ್‌ನ ಮೂರು ದಿಕ್ಕಿನ ಘಟಕಗಳಲ್ಲಿ ಎರಡು ಮಗುಚುವಿಕೆಗೆ ಸೇರಿದವು, ಒಂದು ಮಾತ್ರ ಮಗುಚದೆ ಚದರಿಸುವುದಕ್ಕೆ ಸೇರಿದ್ದು. ಆದ್ದರಿಂದ ಅರ್ಧ ಸ್ಪಿನ್‌ನ ಸಂದರ್ಭದಲ್ಲಿ ಜೋಡಿ ಮುರಿಯುವ ದರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇದೇ ಲೆಕ್ಕವನ್ನು ಏಳರ ಅರ್ಧ ಸ್ಪಿನ್‌ನ ಗಡೋಲಿನಿಯಂಗೆ ಮಾಡಿದರೆ ಹಾನಿಯ ಶೇ. 78ರಷ್ಟು ಹಾಗೆಯೇ ಉಳಿಯುತ್ತದೆ. ಕ್ಷೇತ್ರದಿಂದ ಪಳಗುವುದು ಸಣ್ಣ ಸ್ಪಿನ್. ದೊಡ್ಡ ಸ್ಪಿನ್ ನಿಶ್ಚಲವಾಗಿ ನಿಂತರೂ ಕೆಡಿಸುತ್ತಲೇ ಇರುತ್ತದೆ. ಆಕ್ಸೈಡಿನ ಒಂಟಿ ಎಲೆಕ್ಟ್ರಾನುಗಳು ಮೊದಲ ಜಾತಿಯವು ಎಂಬುದು ಇಲ್ಲಿ ಅನುಕೂಲವಾಗಿ ಒದಗುತ್ತದೆ.

ಹಾಗಾದರೆ ದಪ್ಪ ತಂತಿಯಲ್ಲಿ ಇದು ಏಕೆ ಕಾಣುವುದಿಲ್ಲ? ಕಾಂತಕ್ಷೇತ್ರವು ಜೋಡಿಗಳನ್ನು ವರ್ತುಲವಾಗಿ ಓಡಿಸಿ ಮುರಿಯುವ ದರವು ಕ್ಷೇತ್ರದ ವರ್ಗಕ್ಕೂ ತಂತಿಯ ದಪ್ಪದ ವರ್ಗಕ್ಕೂ ಅನುಗುಣವಾಗಿ ಬೆಳೆಯುತ್ತದೆ. ದಪ್ಪ ಅರ್ಧವಾದರೆ ಈ ಹಾನಿ ಕಾಲುಭಾಗವಾಗುತ್ತದೆ. ದಪ್ಪ ಲೋಹದಲ್ಲಿ ಸ್ಪಿನ್‌ಗಳು ಶಿಸ್ತಿಗೆ ಬರುವಷ್ಟು ಕ್ಷೇತ್ರ ಕೊಡುವ ಮೊದಲೇ ಅತಿವಾಹಕತೆ ಮುಗಿದಿರುತ್ತದೆ ಅಥವಾ ಲೋಹವು ಕಾಂತಕ್ಷೇತ್ರ ಒಳನುಗ್ಗಿದ ಸುಳಿಗಳಿಂದ ತುಂಬಿರುತ್ತದೆ. ಹತ್ತು ನ್ಯಾನೋಮೀಟರ್ ತಂತಿ ಹಲವು ಟೆಸ್ಲಾಗಳನ್ನು ಸಹಿಸುತ್ತದೆ. ಕ್ಷೇತ್ರವು ಎಲೆಕ್ಟ್ರಾನ್ ಸ್ಪಿನ್‌ಗಳನ್ನು ನೇರವಾಗಿ ಎಳೆಯುವ ಹಾನಿ ಮಾತ್ರ ದಪ್ಪವನ್ನು ಲೆಕ್ಕಿಸುವುದಿಲ್ಲ. ಆದರೆ ಮಾಲಿಬ್ಡಿನಂ, ನಯೋಬಿಯಂನಂಥ ಭಾರದ ಪರಮಾಣುಗಳಲ್ಲಿ ಸ್ಪಿನ್ ಮತ್ತು ಕಕ್ಷಾ ಚಲನೆಯ ಕೂಡಿಕೆ ಬಲವಾಗಿರುವುದರಿಂದ ಅದೂ ಸಾಕಷ್ಟು ಮೆತ್ತಗಾಗುತ್ತದೆ. ಮೇಲೆ ಹೇಳಿದ ಮೊತ್ತದಲ್ಲಿ ಹೀಗೆ ಒಂದು ಪದ ಇಳಿಯುತ್ತದೆ, ಎರಡು ಪದಗಳು ನಿಧಾನವಾಗಿ ಏರುತ್ತವೆ. ಮೊದಲು ಇಳಿಕೆ ಗೆಲ್ಲುತ್ತದೆ, ಆಮೇಲೆ ಏರಿಕೆ. ಶಿಖರ ಹುಟ್ಟುವುದು ಈ ಎರಡರ ನಡುವಿನ ಗಡಿಯಲ್ಲಿ. ತೆಳು ಪದರಗಳಲ್ಲಿ ಹೀಗಾಗಬೇಕೆಂದು ಖರಿಟೊನೊವ್ ಮತ್ತು ಫೈಗೆಲ್‌ಮನ್ 2005ರಲ್ಲೇ ಲೆಕ್ಕ ಹಾಕಿದ್ದರು.

ಕ್ರಾಂತಿಕ ತಾಪಕ್ಕಿಂತ ಕ್ರಾಂತಿಕ ಪ್ರವಾಹದಲ್ಲಿ ಈ ಪರಿಣಾಮ ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ಕ್ರಾಂತಿಕ ತಾಪವನ್ನು ಅಳೆಯುವುದು ಹಲವು ಕೆಲ್ವಿನ್‌ಗಳಲ್ಲಿ, ಅಲ್ಲಿ ಸ್ಪಿನ್‌ಗಳು ಶಾಖದಿಂದ ಓಲಾಡುತ್ತಿರುತ್ತವೆ. ಪ್ರವಾಹವನ್ನು ಅಳೆಯುವುದು ಆಳವಾದ ತಂಪಿನಲ್ಲಿ, ಅಲ್ಲಿ ಅವು ಕ್ಷೇತ್ರದ ಮಾತು ಕೇಳುತ್ತವೆ.

ಕ್ಷೇತ್ರ ಕೊಟ್ಟಾಗ ಅತಿವಾಹಕತೆ ಹೆಚ್ಚಿತು ಎಂದ ಮಾತ್ರಕ್ಕೆ ಕಾಂತೀಯ ಕಲ್ಮಶವೇ ಕಾರಣ ಎಂದು ತೀರ್ಮಾನಿಸಬೇಡಿ. 2005ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 40 ನ್ಯಾನೋಮೀಟರ್ ದಪ್ಪದ ಸತುವಿನ ತಂತಿಗಳ ತುದಿಗೆ ತವರ, ಸೀಸದಂಥ ಅತಿವಾಹಕ ಸಂಪರ್ಕಗಳನ್ನು ಕೊಟ್ಟಾಗ ತಂತಿಯ ಅತಿವಾಹಕತೆ ಕುಗ್ಗಿತು. ಸಣ್ಣ ಕ್ಷೇತ್ರದಿಂದ ಸಂಪರ್ಕಗಳ ಅತಿವಾಹಕತೆಯನ್ನು ಕೆಡಿಸಿದಾಗ ತಂತಿಯದು ಮರಳಿ ಬಂದಿತು. ಲಕ್ಷಣ ಒಂದೇ, ರೋಗ ಬೇರೆ. ಅಲ್ಲಿ ಬದಲಾವಣೆ ಆಗುವುದು ಸಂಪರ್ಕ ಲೋಹದ ಕ್ರಾಂತಿಕ ಕ್ಷೇತ್ರದಲ್ಲಿ, ತವರಕ್ಕೆ ಸುಮಾರು 0.03 ಟೆಸ್ಲಾ, ಸೀಸಕ್ಕೆ ಸುಮಾರು 0.08 ಟೆಸ್ಲಾ. ಕಲ್ಮಶದ ಪರಿಣಾಮ ಟೆಸ್ಲಾಗಳ ಹರವಿನಲ್ಲಿ ನಿಧಾನವಾಗಿ ಬೆಳೆಯುತ್ತದೆ, ಮತ್ತು ಅದರ ಅಳತೆಗೋಲು ತಾಪದೊಂದಿಗೆ ಬದಲಾಗುತ್ತದೆ. ಗುರುತಿಸಲು ನಾನು ಮೊದಲು ನೋಡುವುದು ಇದನ್ನೇ.

ನ್ಯಾನೋತಂತಿಯಲ್ಲಿ ಕಲ್ಮಶದ ಕೇಡು ದಪ್ಪ ಲೋಹದಲ್ಲಿರುವುದಕ್ಕಿಂತ ಇನ್ನೊಂದು ಮೆಟ್ಟಿಲು ಮುಂದೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ವಿಲಿಯಂ ಲಿಟಲ್ 1967ರಲ್ಲಿ ತೋರಿಸಿದಂತೆ ಏಕ ಆಯಾಮದ ತಂತಿಯಲ್ಲಿ ಯಾವುದೋ ಒಂದು ಬಿಂದುವಿನಲ್ಲಿ ಅತಿವಾಹಕತೆ ಕ್ಷಣಕಾಲ ಸೊನ್ನೆಯಾಗಿ, ಜೋಡಿಗಳ ಕ್ವಾಂಟಮ್ ಅಲೆಯ ಫೇಸ್ (ಏರಿಳಿತದಲ್ಲಿ ಅಲೆ ಇರುವ ಹಂತ) ಒಂದು ಪೂರ್ಣ ಸುತ್ತು ಜಾರಬಹುದು; ಪ್ರತಿ ಜಾರಿಕೆಯೂ ಸ್ವಲ್ಪ ವೋಲ್ಟೇಜ್, ಅಂದರೆ ಸ್ವಲ್ಪ ರೋಧ. ಜಾರಲು ದಾಟಬೇಕಾದ ಶಕ್ತಿಯ ಗೋಡೆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಜೋಡಿಗಳ ಬಲಕ್ಕೂ ಅನುಗುಣವಾಗಿರುತ್ತದೆ. ತೆಳುತನದಿಂದ ಮೊದಲೇ ತಗ್ಗಾದ ಗೋಡೆಯನ್ನು ಕಾಂತೀಯ ಕಲ್ಮಶಗಳು ಮತ್ತಷ್ಟು ತಗ್ಗಿಸುತ್ತವೆ, ಮತ್ತು ಜಾರಿಕೆಯ ದರ ಗೋಡೆಯ ಎತ್ತರದ ಮೇಲೆ ಘಾತೀಯವಾಗಿ ಅವಲಂಬಿಸಿರುವುದರಿಂದ ಸಣ್ಣ ಇಳಿಕೆಯೂ ರೋಧದಲ್ಲಿ ದೊಡ್ಡದಾಗಿ ಕಾಣುತ್ತದೆ. ತೀರ ತೆಳು ತಂತಿಗಳಲ್ಲಿ ಶಾಖದ ನೆರವಿಲ್ಲದೆ ಕ್ವಾಂಟಮ್ ಸುರಂಗದ ಮೂಲಕವೇ ಜಾರಿಕೆ ನಡೆದು, ತಂತಿ ಅತಿವಾಹಕತೆಯನ್ನು ಪೂರ್ತಿ ತೊರೆಯುವುದೂ ಉಂಟು.

ಇದರ ಉಪಯೋಗದ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. ಅತಿವಾಹಕ ಕ್ಯೂಬಿಟ್‌ಗಳನ್ನು (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಗಳನ್ನು) ಕಾಡುವ ಕಾಂತೀಯ ಫ್ಲಕ್ಸ್ ಗದ್ದಲದ ಮೂಲವೂ ಇದೇ ಮೇಲ್ಮೈ ಸ್ಪಿನ್‌ಗಳು, ಮತ್ತು ಅವುಗಳಲ್ಲಿ ಒಂದು ಪಾಲು ಮೇಲ್ಮೈಗೆ ಅಂಟಿದ ಆಮ್ಲಜನಕದ ಅಣುಗಳು ಎಂಬುದಕ್ಕೆ 2016ರಲ್ಲಿ ಪುರಾವೆ ಸಿಕ್ಕಿತು. ಇನ್ನೊಂದು ಕಡೆ, ಅರೆವಾಹಕ ನ್ಯಾನೋತಂತಿಯ ಮೇಲೆ ಅತಿವಾಹಕ ಹೊದಿಸಿ ಮಯೊರಾನಾ ಸ್ಥಿತಿಗಳನ್ನು (ತಂತಿಯ ತುದಿಗಳಲ್ಲಿ ಸೊನ್ನೆ ಶಕ್ತಿಯಲ್ಲಿ ಇರಬೇಕಾದ ವಿಶೇಷ ಸ್ಥಿತಿಗಳನ್ನು) ಹುಡುಕುವ ಪ್ರಯೋಗಗಳಲ್ಲಿ ಸೊನ್ನೆ ಶಕ್ತಿಯ ಶಿಖರ ಕಂಡರೆ, ಅದು ಯೂ, ಶಿಬಾ, ರುಸಿನೊವ್ ಹೇಳಿದ ಬಗೆಯ ಸಾಧಾರಣ ಬಂಧಿತ ಸ್ಥಿತಿಯಾಗಿರಬಹುದೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಈ ಕ್ಷೇತ್ರದ ಪ್ರಸಿದ್ಧ ಪ್ರಬಂಧವೊಂದು 2018ರಲ್ಲಿ ಪ್ರಕಟವಾಗಿ 2021ರಲ್ಲಿ ಹಿಂದೆಗೆದುಕೊಳ್ಳಲ್ಪಟ್ಟಿತು. ಅವಸರ ಎಷ್ಟು ದುಬಾರಿ ಎಂಬುದು ಈ ವಿಷಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿದೆ.

ಪ್ರಯೋಗಾಲಯ ಇಲ್ಲದಿದ್ದರೂ ನೀವು ಇದನ್ನು ಸ್ವತಃ ಪರೀಕ್ಷಿಸಬಹುದು. ಅಬ್ರಿಕೊಸೊವ್-ಗೊರ್ಕೊವ್ ಸಮೀಕರಣದಲ್ಲಿ ಬರುವ ವಿಶೇಷ ಗಣಿತ ಫಲನವೆಂದರೆ ಡೈಗಾಮಾ ಒಂದೇ. ಪೈಥಾನ್‌ನಲ್ಲಿ ಕೆಲವೇ ಸಾಲುಗಳಲ್ಲಿ ಅದನ್ನು ಬಿಡಿಸಬಹುದು. ಜೋಡಿ ಮುರಿಯುವ ಮೊತ್ತಕ್ಕೆ ಎರಡು ಪದ ಇಡಿ: ಕ್ಷೇತ್ರ ಮತ್ತು ತಾಪದ ಅನುಪಾತ ಏರಿದಂತೆ ಮೂರನೆಯ ಒಂದು ಪಾಲಿಗೆ ಇಳಿಯುವ ಕಲ್ಮಶದ ಪದ, ಕ್ಷೇತ್ರದ ವರ್ಗವಾಗಿ ಏರುವ ಇನ್ನೊಂದು ಪದ. ಕಲ್ಮಶಗಳು ಮೇಲ್ಮೈಯಲ್ಲಿರುವುದರಿಂದ ಮೊದಲನೆಯದು ದಪ್ಪಕ್ಕೆ ವಿಲೋಮವಾಗಿ, ಎರಡನೆಯದು ದಪ್ಪದ ವರ್ಗವಾಗಿ ಬದಲಾಗಬೇಕು. ಮೊದಲು 5 ನ್ಯಾನೋಮೀಟರ್ ದಪ್ಪಕ್ಕೆ ರೇಖೆ ಎಳೆಯಿರಿ, ಆಮೇಲೆ 20 ನ್ಯಾನೋಮೀಟರಿಗೆ. ದಪ್ಪ ನಾಲ್ಕು ಪಟ್ಟಾದಾಗ ಕಲ್ಮಶದ ಪದ ನಾಲ್ಕನೆಯ ಒಂದಾಗುತ್ತದೆ, ಕ್ಷೇತ್ರದ ಪದ ಹದಿನಾರು ಪಟ್ಟಾಗುತ್ತದೆ, ಅವುಗಳ ಅನುಪಾತ 64 ಪಟ್ಟು ಬದಲಾಗುತ್ತದೆ. ಮೊದಲ ರೇಖೆಯಲ್ಲಿದ್ದ ಉಬ್ಬು ಎರಡನೆಯದರಲ್ಲಿ ಹುಡುಕಿದರೂ ಸಿಗುವುದು ಕಷ್ಟ.